ನಿಮ್ಮಪ್ಪ ಇರುವ ಮನೆಯಿಂದ

ಮನೆಯಿಂದ, ಅಡುಗೆಮನೆಯ ಮೇಜು
ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಅಕ್ಕಾ ಎಂದು ಬರೆದುಬಿಟ್ಟಿದ್ದೇನೆ, ತಪ್ಪು ತಿಳಿಯಬೇಡಿ. ಮೊದಲ ಹಾಳೆಯಲ್ಲಿ ‘ಮಾನ್ಯರೇ’ ಎಂದು ಶುರು ಮಾಡಿದ್ದೆ. ಅಮ್ಮ ಹಿಂದಿನಿಂದ ಬಗ್ಗಿ ನೋಡಿ, ಇದೇನು ನೀರಿನ ಇಲಾಖೆಗೆ ಅರ್ಜಿ ಬರೀತಿದ್ದೀಯಾ ಎಂದು ಆ ಹಾಳೆಯನ್ನು ಕಿತ್ತುಕೊಂಡು ನಾಲ್ಕು ಮಡಿಕೆ ಮಾಡಿ ಮೇಜಿನ ಕಾಲಿನ ಕೆಳಗೆ ಇಟ್ಟಳು. ಮೇಜು ಅಲ್ಲಾಡುತ್ತಿತ್ತು, ಈಗ ಅಲ್ಲಾಡುತ್ತಿಲ್ಲ. ಹಾಗಾಗಿ ನನ್ನ ಅಕ್ಷರ ನೆಟ್ಟಗಿದ್ದರೆ ಅದಕ್ಕೆ ಆ ಮಾನ್ಯರೇ ಕಾರಣ.

ನೀವು ಹೇಗಿದ್ದೀರಿ? ಕೆಲಸದ ನಡುವೆ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಿ ತಾನೇ? ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಎಂದು ಬರೆದಿದ್ದೀರಿ. ದಿನವಿಡೀ ನಿಂತೇ ಇರಬೇಕಾಗುತ್ತದೇನೋ. ನಿಮ್ಮ ಅಮ್ಮ ಹೇಗಿದ್ದಾರೆ? ಅವರಿಗೆ ಹಿಂದೆ ಬೆನ್ನುನೋವು ಇತ್ತಂತೆ, ಈಗ ಕಡಿಮೆಯಾಗಿದೆಯೇ ಎಂದು ನಮ್ಮ ಅಮ್ಮ ಕೇಳಿದ್ದಾಳೆ. ನಾನಾಗಿ ಸೇರಿಸಿದ ಮಾತಲ್ಲ, ಅವಳೇ ಕೇಳಲು ಹೇಳಿದ್ದು. ಮುಂದಿನ ತಿಂಗಳು ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಮ್ಮ ಮದುವೆ ಎಂದು ಓದಿ ಎಲ್ಲರಿಗೂ ಬಹಳ ಸಂತೋಷವಾಯಿತು. ಭಾವ ಆಗಲಿರುವವರು ಯಾವ ಕೆಲಸದಲ್ಲಿದ್ದಾರೆ ಎಂದು ನೀವು ಬರೆದಿಲ್ಲ. ಅಜ್ಜಿಗೆ ಅದೊಂದು ಕೊರತೆಯಾಗಿ ಉಳಿದಿದೆ. ಅವಳು ತನ್ನಷ್ಟಕ್ಕೆ ತಾನೇ ಅವರನ್ನು ಹಲ್ಲಿನ ಡಾಕ್ಟರ್ ಎಂದು ನಿರ್ಧರಿಸಿಕೊಂಡು, ತನ್ನ ಕಟ್ಟುಹಲ್ಲಿನ ದೂರುಗಳನ್ನು ಒಟ್ಟು ಮಾಡಿಕೊಳ್ಳುತ್ತಿದ್ದಾಳೆ.

ನಿಮ್ಮ ಪತ್ರ ಹೋದ ಸೋಮವಾರ ಬಂತು. ನಿಮ್ಮಪ್ಪ ಕೆಲಸಕ್ಕೆ ಹೊರಟಿದ್ದವರು ಹೆಗಲ ಮೇಲಿನ ಸಾಮಾನಿನ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು. ಸಂಜೆ ಬಂದಾಗ ಅಂಗಿಯೂ ಒದ್ದೆ, ಪತ್ರವೂ ಒದ್ದೆ. ಯಾರದೋ ಮನೆಯ ಬಚ್ಚಲಿನಲ್ಲಿ ಕೊಳವೆ ಬಿಚ್ಚುವಾಗ ನೀರು ಎದೆಗೇ ಹಾರಿತಂತೆ. ಅಂಗಿ ಬದಲಾಯಿಸುವುದಕ್ಕೂ ಮುಂಚೆ ಅವರು ಪತ್ರವನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದರು. ಅದು ಒಣಗುವವರೆಗೂ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದರು, ಗಾಳಿಗೆ ಹಾರಿಹೋದೀತು ಎಂದು. ಅಕ್ಷರಗಳೆಲ್ಲ ಉಳಿದಿವೆ. ನಿಮ್ಮ ಸಹಿ ಮಾತ್ರ ಸ್ವಲ್ಪ ಹರಡಿಕೊಂಡಿದೆ.

ಪತ್ರದ ಕೊನೆಯಲ್ಲಿ ನೀವು ಕೇಳಿದ್ದು ಒಂದೇ ಪ್ರಶ್ನೆ: ‘ಆ ಮನೆಯಲ್ಲಿ ಯಾರ್ಯಾರಿದ್ದಾರೆ?’ ಅದಕ್ಕೆ ಉತ್ತರ ಬರೆಯಲು ನಿಮ್ಮಪ್ಪ ದಿನಾ ಸಂಜೆ ಪೆನ್ನು ಹಿಡಿದು ಕೂತರು. ‘ನಾವು ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಬಿಸಿಲು ಜಾಸ್ತಿ.’ ಇಷ್ಟು ಬರೆಯುವುದು, ಹೊಡೆದುಹಾಕುವುದು. ಶುಕ್ರವಾರ ಹಾಳೆಯನ್ನು ನನ್ನ ಕಡೆಗೆ ತಳ್ಳಿ, “ನೀನೇ ಬರಿ. ನಿನಗೆ ಬರೆದು ರೂಢಿ ಇದೆ. ಯಾರ್ಯಾರಿದ್ದಾರೆ ಅಂತ ಕೇಳಿದ್ದಾಳಲ್ಲ, ನಿನ್ನಿಂದಲೇ ಶುರು ಮಾಡು” ಎಂದರು. ಅಮ್ಮ ನನ್ನನ್ನು ಬೇರೆ ಕರೆದು ಒಂದು ಎಚ್ಚರಿಕೆ ಕೊಟ್ಟಳು. ಕೇಳಿದ್ದಕ್ಕಷ್ಟೇ ಉತ್ತರ ಬರಿ, ಬೇರೆ ಏನನ್ನೂ ಕೆದಕಬೇಡ, ಮಿಕ್ಕಿದ್ದು ಆ ಹುಡುಗಿಗೆ ಬಿಟ್ಟಿದ್ದು ಎಂದು. ಆ ಹುಡುಗಿ ಎಂದರೆ ನೀವು. ಹಾಗಾಗಿ ಇದು ಪೂರ್ತಿ ಉತ್ತರ, ಬರೀ ಉತ್ತರ.

ನನಗೆ ಇಪ್ಪತ್ತೆರಡು ವರ್ಷ. ವಿಜ್ಞಾನದ ವಿದ್ಯಾರ್ಥಿನಿ. ಸಸ್ಯಶಾಸ್ತ್ರದಲ್ಲಿ ಪದವಿಯ ಕೊನೆಯ ವರ್ಷ. ಎತ್ತರ ಅಷ್ಟಕ್ಕಷ್ಟೇ, ದನಿ ಮಾತ್ರ ಜೋರು, ಅದು ಅಜ್ಜಿಯ ಜೊತೆ ಬೆಳೆದುದರ ಫಲ. ಅಜ್ಜಿಗೆ ಕಿವಿ ಮಂದ. ಅಜ್ಜಿ ಎಂದರೆ ಅಮ್ಮನ ಅಮ್ಮ. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು, ತಡವಾಗಿ ಬಂದವರನ್ನು ಕತ್ತಲಲ್ಲಿ ಅವರವರ ಸೀಟಿಗೆ ಮುಟ್ಟಿಸುವ ಕೆಲಸದಲ್ಲೇ ತಲೆ ನರೆಸಿಕೊಂಡವಳು. ಎಷ್ಟೋ ಸಿನಿಮಾಗಳ ಶುರುವಾತು ಅವಳಿಗೆ ಬಾಯಿಪಾಠ. ಮುಗಿಯುವ ಮೊದಲೇ ಹೊರಬಾಗಿಲು ತೆರೆಯಲು ಓಡಬೇಕಿತ್ತಂತೆ, ಆದ್ದರಿಂದ ಯಾವ ಕಥೆಯ ಕೊನೆಯೂ ಗೊತ್ತಿಲ್ಲ. ಈಗಲೂ ಯಾರಾದರೂ ಏನಾದರೂ ಹೇಳಲು ಶುರು ಮಾಡಿದರೆ ಕಣ್ಣರಳಿಸಿ ಕೇಳುತ್ತಾಳೆ, ಮುಗಿಯುವ ಹೊತ್ತಿಗೆ ಎದ್ದುಹೋಗುತ್ತಾಳೆ. ನಿವೃತ್ತಿಯಾದ ಮೇಲೂ ಟಾರ್ಚ್ ಬಿಟ್ಟಿಲ್ಲ. ಮನೆಯಲ್ಲಿ ಚಮಚ ಕಳೆದರೂ, ಗುಂಡಿ ಕಳೆದರೂ ಹಗಲಲ್ಲೇ ಟಾರ್ಚ್ ಹಾಕಿ ಹುಡುಕುತ್ತಾಳೆ.

ಅಮ್ಮ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಹೊಸದರಲ್ಲಿ ಯಂತ್ರಕ್ಕೆ ಹಾಸಿಗೆ ವಸ್ತ್ರ ತುಂಬುವವಳಾಗಿ ಸೇರಿದವಳು, ಈಗ ಇಡೀ ಪಾಳಿಯ ಮೇಲ್ವಿಚಾರಕಿ. ಶಸ್ತ್ರಚಿಕಿತ್ಸೆಯ ಕೋಣೆಯ ಹಸಿರು ಬಟ್ಟೆ ತಡವಾಯಿತೆಂದು ಆಸ್ಪತ್ರೆಯಲ್ಲಿ ಯಾರೂ ಅವಳ ಕಾಲದಲ್ಲಿ ದೂರಿಲ್ಲ, ಇದನ್ನು ಅವಳು ತಾನಾಗಿ ಹೇಳಿಕೊಳ್ಳುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಅವಳ ಕೈಗೆ ಸಿಕ್ಕಿದ್ದೆಲ್ಲ ಮಡಿಕೆಯಾಗುತ್ತದೆ. ನನ್ನ ಹೆತ್ತ ತಂದೆ ನಾನು ತೊಟ್ಟಿಲಲ್ಲಿದ್ದಾಗಲೇ ಕಾಯಿಲೆಯಾಗಿ ತೀರಿಕೊಂಡರು. ಗೋಡೆಯ ಮೇಲೆ ಅವರ ಫೋಟೋ ಇದೆ. ಅವರ ಹುಬ್ಬು ನನಗೆ ಬಂದಿದೆ. ಅವರ ದನಿ ಹೇಗಿತ್ತೋ ಗೊತ್ತಿಲ್ಲ. ಅಮ್ಮ ಆಮೇಲೆ ಬಹಳ ವರ್ಷ ಒಬ್ಬಳೇ ದುಡಿದಳು, ಮನೆಯಲ್ಲಿ ನನ್ನನ್ನು ಅಜ್ಜಿ ನೋಡಿಕೊಂಡಳು.

ನಿಮ್ಮಪ್ಪ ಈ ಮನೆಗೆ ಬಂದದ್ದು ಅಡುಗೆಮನೆಯ ಸಿಂಕಿನ ದಾರಿಯಿಂದ. ನಾನಾಗ ಮೂರನೆಯ ತರಗತಿಯಲ್ಲಿದ್ದೆ. ಸಿಂಕ್ ಕಟ್ಟಿಕೊಂಡು ನೀರು ನೆಲಕ್ಕೆಲ್ಲ ಹರಿದು, ಕೆಳಗಿನ ಮನೆಯವರು ಜಗಳಕ್ಕೆ ಬಂದಿದ್ದರು. ಅಜ್ಜಿ ಬೀದಿಯ ತುದಿಯಿಂದ ಪ್ಲಂಬರನ್ನು ಕರೆತಂದಳು. ಅವರು ತಲೆಯನ್ನು ಸಿಂಕಿನ ಕೆಳಗೆ ತೂರಿಸಿ ಮಲಗಿದರು, ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಟಾರ್ಚ್ ಹಿಡಿಯುವ ಕೆಲಸ ನನ್ನದು. ಅಜ್ಜಿ ಅದನ್ನು ಯಾರ ಕೈಗೂ ಕೊಡುವವಳಲ್ಲ, ಅವತ್ತು ಬಗ್ಗಲಾರದೆ ಕೊಟ್ಟಳು. ಒಳಗಿನಿಂದ ಆ ಮನುಷ್ಯ ನನ್ನ ಜೊತೆ ಮಾತಾಡುತ್ತಲೇ ಇದ್ದರು: ನೀರು ಯಾಕೆ ತಿರುಗಿ ತಿರುಗಿ ಇಳಿಯುತ್ತದೆ ಗೊತ್ತೇ, ನಿಮ್ಮ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರೆಯೇ, ನನಗೂ ಗೊತ್ತಿಲ್ಲ, ನೀನು ತಿಳಿದುಕೊಂಡರೆ ನನಗೆ ಹೇಳು. ದೊಡ್ಡವರೊಬ್ಬರು ನನಗೆ ಗೊತ್ತಿಲ್ಲ ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಮಾರನೆಯ ದಿನ ಟೀಚರನ್ನು ಕೇಳಿದೆ. ಅವರು ಸುಮ್ಮನೆ ಕೂರು ಎಂದರು. ಅದನ್ನು ಹೇಳಲೆಂದೇ ನಾನು ಬೀದಿಯ ತುದಿಗೆ ಹೋಗಿ ಆ ಪ್ಲಂಬರನ್ನು ಹುಡುಕಿದೆ. ಹಾಗೆ ಶುರುವಾಯಿತು. ಆಮೇಲೆ ಕೆಟ್ಟಿಲ್ಲದ ನಲ್ಲಿಗಳನ್ನೂ ಒಮ್ಮೆ ನೋಡಿ ಹೋಗುತ್ತೇನೆ ಎಂದು ಅವರು ಬರತೊಡಗಿದರು. ಅಜ್ಜಿ ಅಮ್ಮನಿಗೆ, “ಈ ಪೈಪಿನವನು ನಲ್ಲಿ ನೋಡೋಕೆ ಬರ್ತಿಲ್ಲ ಕಣೇ” ಎಂದಳು. ಅವಳಿಗೆ ತಾನು ಪಿಸುಮಾತು ಆಡುತ್ತಿದ್ದೇನೆ ಎಂಬ ನಂಬಿಕೆ. ಕೇಳಿಸಿದ್ದು ಇಡೀ ಮಹಡಿಗೆ.

ಮದುವೆಗೆ ಮುಂಚೆ ಅವರು ನಮ್ಮ ಮೂವರನ್ನೂ ಕೂರಿಸಿಕೊಂಡು, ತನಗೆ ಒಬ್ಬಳು ಮಗಳಿದ್ದಾಳೆ, ದೂರದ ಊರಿನಲ್ಲಿ ತಾಯಿಯ ಜೊತೆ ಇದ್ದಾಳೆ, ಓದಿನಲ್ಲಿ ಚುರುಕು, ಎಡಗೈಯಲ್ಲಿ ಬರೆಯುತ್ತಾಳೆ, ಇದನ್ನು ಮುಚ್ಚಿಟ್ಟು ಈ ಮನೆಗೆ ಬರುವುದಿಲ್ಲ ಎಂದರು. ಆದ್ದರಿಂದ ನೀವು ನಮ್ಮನ್ನು ಅರಿಯದಿದ್ದರೂ ನಾವು ನಿಮ್ಮನ್ನು ಆಗಿನಿಂದಲೂ ಬಲ್ಲೆವು. ಚಿಕ್ಕವಳಿದ್ದಾಗ ನಾನು ನಿಮ್ಮ ಹಾಗೆ ಎಡಗೈಯಲ್ಲಿ ಬರೆಯಲು ಹೋಗಿ ಸ್ಲೇಟಿನ ಮೇಲೆ ಕಾಗೆ ಕಾಲು ಗುಬ್ಬಿ ಕಾಲು ಮಾಡುತ್ತಿದ್ದೆ.

ಇನ್ನು ಓದು. ಹೈಸ್ಕೂಲಿನಲ್ಲಿ ಸೂಕ್ಷ್ಮದರ್ಶಕದ ಪಾಠಕ್ಕೆ ಕೆರೆಯ ನೀರು ತನ್ನಿ ಎಂದರು. ನಮ್ಮ ಮನೆಯ ಕಿಟಕಿಯಿಂದ ಕಾಣುವುದು ಛಾವಣಿಗಳು ಮತ್ತು ನೀರಿನ ಟ್ಯಾಂಕುಗಳು, ಕೆರೆ ಎಲ್ಲಿಂದ ತರುವುದು? ನಿಮ್ಮಪ್ಪ ಅವತ್ತು ತೊಳೆಯಲು ಹೋಗಿದ್ದ ಟ್ಯಾಂಕಿನ ಗೋಡೆಯಿಂದ ಕಂದು ಬಣ್ಣದ ಲೋಳೆಯನ್ನು ಕೆರೆದು ಜಾಮ್ ಬಾಟಲಿಯಲ್ಲಿ ತಂದುಕೊಟ್ಟರು. ಕ್ಲಾಸಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡರು. ನನ್ನ ಸರದಿ ಬಂತು, ಕಣ್ಣಿಟ್ಟು ನೋಡಿದೆ. ಅಕ್ಕಾ, ಆ ಲೋಳೆಯೊಳಗೆ ಗಾಜಿನ ದೋಣಿಗಳಿದ್ದವು. ಎರಡೂ ತುದಿ ಚೂಪು, ಮೈಮೇಲೆ ಬಾಚಣಿಗೆಯ ಹಲ್ಲಿನಂಥ ನಯವಾದ ಗೆರೆಗಳು, ಹುಟ್ಟಿಲ್ಲ, ಹಾಯಿಯಿಲ್ಲ, ಆದರೂ ತಮ್ಮಷ್ಟಕ್ಕೆ ಜಾರಿಕೊಂಡು ಹೋಗುತ್ತಿದ್ದವು. ಡಯಾಟಮ್ ಎಂದು ಅದರ ಹೆಸರು. ಪಾಚಿಯ ಒಂದು ಬಗೆ. ಪ್ರತಿಯೊಂದೂ ತನ್ನ ಸುತ್ತ ಗಾಜಿನ ಡಬ್ಬಿ ಕಟ್ಟಿಕೊಳ್ಳುತ್ತದೆ, ಮುಚ್ಚಳ ಸಮೇತ. ಒಳಗಿನ ಜೀವ ಸತ್ತರೂ ಡಬ್ಬಿ ಉಳಿಯುತ್ತದೆ. ಒಂದೊಂದು ಜಾತಿಗೆ ಒಂದೊಂದು ಬಗೆಯ ನೀರೇ ಆಗಬೇಕು, ಹಾಗಾಗಿ ಡಬ್ಬಿ ನೋಡಿ ನೀರಿನ ಗುಣ ಹೇಳಬಹುದು. ನೀವು ಚರ್ಮದ ಒಳಗಿನ ಮೂಳೆ ನೋಡುತ್ತೀರಿ, ನಾನು ಕೊಳಕಿನ ಒಳಗಿನ ಗಾಜು ನೋಡುತ್ತೇನೆ. ನಮ್ಮಿಬ್ಬರ ಕೆಲಸವೂ ಒಂದೇ ಥರ ಎಂದು ನಿಮ್ಮ ಪತ್ರ ಓದಿದ ದಿನವೇ ನನಗನ್ನಿಸಿತು.

ಅಂದು ಸಂಜೆ ನಾನು ಈ ಗಾಜಿನ ದೋಣಿಯ ಕಥೆ ಹೇಳಿದಾಗ ನಿಮ್ಮಪ್ಪ ತಟ್ಟೆಯ ಮುಂದೆ ಕೈ ತಡೆದು ಕೂತು ಪೂರ್ತಿ ಕೇಳಿದರು, ಇನ್ನೊಂದು ಸಲ ಹೇಳಿಸಿದರು. ಅವತ್ತಿನಿಂದ ಇವತ್ತಿನವರೆಗೆ ಅವರು ಬರಿಗೈಯಲ್ಲಿ ಮನೆಗೆ ಬಂದದ್ದು ಅಪರೂಪ. ಬೇರೆಯವರ ಮನೆಗೆ ಹಣ್ಣು ಬರುತ್ತದೆ, ಬ್ರೆಡ್ ಬರುತ್ತದೆ, ನಮ್ಮ ಮನೆಗೆ ಲೋಳೆ ಬರುತ್ತದೆ. ಬಾಟಲಿಯ ಮೇಲೆ ಅವರದೇ ಚೀಟಿ: ‘ಟೈಲರ್ ಮನೆ ಟ್ಯಾಂಕ್, ಹಸಿರು.’ ‘ಬೇಕರಿ ಹಿಂದಿನ ಚರಂಡಿ, ವಾಸನೆ ಬಗ್ಗೆ ಕೇಳಬೇಡ.’ ನಾನು ಓದುವುದೇನು ಎಂಬುದು ಮಾತ್ರ ಇವತ್ತಿಗೂ ಅವರ ತಲೆಗೆ ಸರಿಯಾಗಿ ಹತ್ತಿಲ್ಲ. ಟ್ಯಾಂಕ್ ತೊಳೆಸಲು ಕರೆದ ಒಬ್ಬ ಅಂಗಡಿಯವರಿಗೆ, ನಿಮ್ಮ ಟ್ಯಾಂಕಿನಲ್ಲಿ ಗಾಜಿನ ಸಾಮಾನು ತುಂಬಿದೆ, ಉಜ್ಜಿದರೆ ಹಾಳು, ನಮ್ಮ ಹುಡುಗಿ ಬಂದು ನೋಡಿ ಹೋಗಲಿ ಎಂದು ಹೇಳಿ ಅವರನ್ನು ಗಾಬರಿಗೊಳಿಸಿದ್ದರು. ಆ ಅಂಗಡಿಯವರು ನೀರನ್ನು ಸೋಸಿ ಸೋಸಿ ಸಾಕಾಗಿ, ಕೊನೆಗೆ ಬೇರೆ ಪ್ಲಂಬರನ್ನು ಕರೆಸಿದರು.

ಪದವಿಯ ಮೊದಲ ವರ್ಷ ರಸಾಯನಶಾಸ್ತ್ರದಲ್ಲಿ ತೆವಳಿಕೊಂಡು ದಾಟಿದೆ. ಅಲ್ಲಿಂದ ಮುಂದೆ ಸಸ್ಯಶಾಸ್ತ್ರದಲ್ಲಿ ನಾನೇ ಕಾಲೇಜಿಗೆ ಮೊದಲು. ಹೇಳಿಕೊಂಡರೆ ಜಂಬ ಎನ್ನುತ್ತಾರೆ, ಆದರೆ ಅಕ್ಕನ ಹತ್ತಿರ ಹೇಳಿಕೊಳ್ಳದೆ ಇನ್ಯಾರ ಹತ್ತಿರ ಹೇಳಿಕೊಳ್ಳಲಿ? ಹವ್ಯಾಸ ಎಂದರೆ ಚಿತ್ರ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕಪ್ಪು ಶಾಯಿಯಲ್ಲಿ ಚುಕ್ಕಿ ಚುಕ್ಕಿ ಇಟ್ಟು ಬರೆಯುತ್ತೇನೆ, ಒಂದು ಡಯಾಟಮ್‌ಗೆ ಒಂದು ವಾರ ಹಿಡಿದದ್ದೂ ಇದೆ. ರಜೆಯ ದಿನ ನಿಮ್ಮಪ್ಪನ ಜೊತೆ ಛಾವಣಿ ಹತ್ತುತ್ತೇನೆ. ಪೈಪ್ ರೆಂಚ್ ಹಿಡಿಯಲು ಬರುತ್ತದೆ, ನಲ್ಲಿಯ ವಾಷರ್ ಬದಲಾಯಿಸುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಈಜು ಬರುವುದಿಲ್ಲ. ಜೀವಮಾನವಿಡೀ ನೀರನ್ನೇ ಓದುತ್ತೇನೆಂದು ಹೊರಟವಳು ಸೊಂಟದವರೆಗೆ ನೀರು ಬಂದರೆ ದಡಕ್ಕೆ ಓಡಿಬರುತ್ತೇನೆ. ಇದು ಅಜ್ಜಿಗೆ ಸಿಕ್ಕಿರುವ ದಿನನಿತ್ಯದ ತಮಾಷೆ.

ಈಗ ನಿಜವಾದ ಸುದ್ದಿಗೆ ಬರುತ್ತೇನೆ. ಸರೋವರಗಳನ್ನು ಅಭ್ಯಾಸ ಮಾಡುವ ಒಂದು ಸಂಶೋಧನಾ ಕೇಂದ್ರವಿದೆ. ಅಲ್ಲಿ ಸ್ನಾತಕೋತ್ತರ ಓದಿಗೆ ಪ್ರತಿ ವರ್ಷ ಬೆರಳೆಣಿಕೆಯಷ್ಟು ಜನರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ನಾನು ಅರ್ಜಿ ಹಾಕಿದ್ದೆ, ಸಂದರ್ಶನಕ್ಕೆ ಕರೆ ಬಂತು. ಮೊದಲ ಪ್ರಶ್ನೆ ಯಾವಾಗಲೂ ಒಂದೇ ಅಂತೆ: ನಿಮ್ಮ ಕುಟುಂಬ, ಓದು, ಆಸಕ್ತಿ ಇವುಗಳ ಬಗ್ಗೆ ಹೇಳಿ. ಕಾಲೇಜಿನ ಮೇಡಂ ಒಬ್ಬರು ಅದಕ್ಕೆ ಚೊಕ್ಕವಾದ ಉತ್ತರ ಬರೆದುಕೊಟ್ಟರು. ನನ್ನ ಸರ್ಟಿಫಿಕೇಟುಗಳಲ್ಲಿ ಇರುವ ಪ್ರಕಾರವೇ ಬರೆದಿದ್ದರು: ತಂದೆ ದಿವಂಗತ, ತಾಯಿ ಆಸ್ಪತ್ರೆಯ ಉದ್ಯೋಗಿ, ಒಬ್ಬಳೇ ಮಗಳು. ನಾನು ಗಿಣಿಯ ಹಾಗೆ ಉರುಹೊಡೆದೆ. ಮನೆಯಲ್ಲಿ ತಾಲೀಮು ನಡೆಯಿತು. ಅಜ್ಜಿ ಅಧ್ಯಕ್ಷೆ, ಮುಖಕ್ಕೆ ನೇರ ಟಾರ್ಚ್ ಬಿಟ್ಟು ಪ್ರಶ್ನೆ ಕೇಳಿದಳು, ಅದು ಸಂದರ್ಶನವೋ ಪೊಲೀಸ್ ಠಾಣೆಯೋ ತಿಳಿಯಲಿಲ್ಲ. ನಿಮ್ಮಪ್ಪ ಬಾಗಿಲಿಗೆ ಒರಗಿ ನಿಂತು ಇಡೀ ಉತ್ತರ ಕೇಳಿದರು. ತಂದೆ ದಿವಂಗತ ಎಂಬಲ್ಲಿಯೂ ಅವರ ಮುಖ ಹಾಗೇ ಇತ್ತು. ಮುಗಿದ ಮೇಲೆ, “ಚೆನ್ನಾಗಿದೆ, ಸ್ವಲ್ಪ ನಿಧಾನಕ್ಕೆ ಹೇಳು, ಓಡಬೇಡ” ಎಂದಷ್ಟೇ ಹೇಳಿದರು.

ಸಂದರ್ಶನದ ದಿನ ಅವರು ಕೆಲಸ ಬಿಟ್ಟು ನನ್ನ ಜೊತೆ ಬಂದರು. ಉದ್ದನೆಯ ಓಣಿಯಂಥ ಜಾಗ, ಗೋಡೆಗೆ ಒತ್ತಿ ಒಂದು ಬೆಂಚು. ಇಸ್ತ್ರಿ ಮಾಡಿದ ಅಂಗಿ ಸುಕ್ಕಾಗಬಾರದೆಂದು ಬೆನ್ನು ಒರಗಿಸದೆ ಕೂತರು. ಒಳಗೆ ಮೂವರಿದ್ದರು. ನಡುವೆ, ಗಿಡ್ಡಕ್ಕೆ ಕತ್ತರಿಸಿದ ಬಿಳಿ ಕೂದಲಿನ ಒಬ್ಬ ಮೇಡಂ, ಅವರೇ ಮುಖ್ಯಸ್ಥೆ. ಎಡಕ್ಕೆ ನೆಗಡಿಯಾಗಿದ್ದ ಒಬ್ಬ ಪ್ರೊಫೆಸರು, ಬಲಕ್ಕೆ ಮಾತೇ ಆಡದೆ ಬರೆದುಕೊಳ್ಳುತ್ತಿದ್ದ ಇನ್ನೊಬ್ಬರು. ನಾನು ಉರುಹೊಡೆದದ್ದನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾದೆ. ಆ ಮೇಡಂ ಮಾತ್ರ ಕುಟುಂಬ, ಓದು, ಆಸಕ್ತಿ ಎಂದೆಲ್ಲ ಕೇಳಲಿಲ್ಲ. ನನ್ನ ಚುಕ್ಕಿಚಿತ್ರಗಳನ್ನು ಮಗುಚಿ ಹಾಕುತ್ತ, ಮನೆಯವರನ್ನು ಕೇಳುವಂತೆ, “ಮನೇಲಿ ಯಾರ್ಯಾರಿದ್ದೀರಿ?” ಎಂದರು. ನೀವು ಕೇಳಿದ ಪ್ರಶ್ನೆಯೇ. ನಿಮ್ಮ ಪತ್ರ ಆಗಿನ್ನೂ ಬಂದಿರಲಿಲ್ಲ.

ನನ್ನ ಬಾಯಿಯಿಂದ, “ಅಜ್ಜಿ, ಅಮ್ಮ, ಅಪ್ಪ, ನಾನು” ಎಂದು ಬಂತು. ನಮ್ಮಪ್ಪ ಪ್ಲಂಬರ್ ಎಂದೂ ಹೇಳಿದೆ.

ನೆಗಡಿಯ ಪ್ರೊಫೆಸರು ಕಾಗದ ತಿರುವಿ, ಇಲ್ಲಿ ತಂದೆ ಇಲ್ಲ ಅಂತಿದೆಯಲ್ಲ ಎಂದರು. ಸುಳ್ಳು ಹೇಳಿದೆ ಎಂದುಕೊಂಡುಬಿಟ್ಟರೆ ಇಷ್ಟು ವರ್ಷದ ಓದು ಅಲ್ಲೇ ಮುಗಿಯುತ್ತಿತ್ತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. “ಹೆತ್ತ ತಂದೆ ಇಲ್ಲ ಸರ್. ಸಾಕಿದ ತಂದೆ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ” ಎಂದೆ. ಮುಖ್ಯಸ್ಥೆ ತಲೆ ಎತ್ತಿ ಬಾಗಿಲ ಕಡೆ ನೋಡಿದರು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಇನ್ನಷ್ಟು ಹೇಳು ಎಂದರು.

ಹೇಳಿದೆ. ಅಲ್ಲಿಂದ ಮುಂದೆ ಉರುಹೊಡೆದದ್ದರಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ, ಬೇಕಾಗಲೂ ಇಲ್ಲ. ಬಾಟಲಿಗಳ ಕಥೆ ಹೇಳಿದೆ. ನನ್ನ ಪ್ರಾಜೆಕ್ಟಿನ ಕಥೆ ಹೇಳಿದೆ. ಅದನ್ನು ನಿಮಗೂ ಹೇಳಿಬಿಡುತ್ತೇನೆ. ನಿಮ್ಮಪ್ಪ ತಂದ ಬಾಟಲಿಗಳಲ್ಲಿ ಒಂದು, ಆಸ್ಪತ್ರೆಯ ಹಿಂದಿನ ಕಾಲುವೆಯದು. ಅದರಲ್ಲಿ ಉಪ್ಪುನೀರಿನಲ್ಲಿ ಮಾತ್ರ ಚೆನ್ನಾಗಿ ಬೆಳೆಯುವ ಡಯಾಟಮ್‌ಗಳು ಕಂಡವು. ನಾವಿರುವಲ್ಲಿಂದ ಸಮುದ್ರ ಎಷ್ಟೋ ದೂರ. ಬಾಟಲಿಯಲ್ಲಿ ಮೊದಲು ಉಪ್ಪಿನಕಾಯಿ ಇತ್ತೇ ಎಂದು ನಮ್ಮ ಕಾಲೇಜಿನ ಮೇಡಂ ನಕ್ಕರು. ನಾನೇ ಹೋಗಿ ಬೇರೆ ಬಾಟಲಿಯಲ್ಲಿ ನೀರು ತಂದೆ, ಆಗಲೂ ಅವೇ. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಒಂದು ದಿನ ಅಮ್ಮ ಕೆಲಸದಿಂದ ಬಂದು, ಇವತ್ತು ಉಪ್ಪಿನ ಮೂಟೆ ಎತ್ತುವವರು ಬಂದಿರಲಿಲ್ಲ, ಸೊಂಟ ಬಿತ್ತು ಎಂದಳು. ಬಟ್ಟೆ ಒಗೆಯುವಲ್ಲಿ ಉಪ್ಪು ಯಾಕೆ ಎಂದೆ. ಗಡಸು ನೀರನ್ನು ಮೆದು ಮಾಡುವ ಯಂತ್ರಕ್ಕೆ ಉಪ್ಪು ಹಾಕಿ ತೊಳೆಯುತ್ತಾರೆ, ಆ ನೀರು ಹಿಂದಿನ ಕಾಲುವೆಗೆ ಹೋಗುತ್ತದೆ ಎಂದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಅಮ್ಮನ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು. ಯಂತ್ರ ತೊಳೆಯುವ ದಿನ, ತೊಳೆಯದ ದಿನ, ಎರಡೂ ದಿನ ಕಾಲುವೆಯ ನೀರಿನ ಉಪ್ಪನ್ನು ಅಳೆದೆ, ಮೇಲಕ್ಕೂ ಕೆಳಕ್ಕೂ ನಡೆದು ಡಯಾಟಮ್‌ಗಳನ್ನು ಎಣಿಸಿದೆ. ಲೆಕ್ಕ ಕೂಡಿಬಂತು. ಕುಟುಂಬ ಬೇರೆ, ಓದು ಬೇರೆ, ಆಸಕ್ತಿ ಬೇರೆ ಎಂದು ಬಿಡಿಸಿ ಹೇಳಲು ನನಗೆ ಆಗುವುದಿಲ್ಲ ಎಂದು ಆ ಕೋಣೆಯಲ್ಲಿ ಹೇಳುವಾಗಲೇ ನನಗೆ ತಿಳಿದದ್ದು.

ಆಮೇಲೆ ಅವರು ಕಷ್ಟದ ಪ್ರಶ್ನೆಗಳನ್ನೂ ಕೇಳಿದರು. ಕೆಲವಕ್ಕೆ ಉತ್ತರ ಗೊತ್ತಿತ್ತು, ಎರಡು ಮೂರಕ್ಕೆ ನನಗೆ ಗೊತ್ತಿಲ್ಲ ಎಂದೆ. ಕೊನೆಗೆ ಈಜು ಬರುತ್ತದೆಯೇ ಎಂದರು, ಕಲಿಯುತ್ತೇನೆ ಎಂದೆ. ಹೊರಗೆ ಬಂದಾಗ ನಿಮ್ಮಪ್ಪ ಎದ್ದು ನಿಂತರು. “ಎಲ್ಲ ಹೇಳಿದೆಯಾ? ಓಡಲಿಲ್ಲ ತಾನೇ?” ಎಂದರು. ಇಲ್ಲ ಎಂದೆ. ಒಳಗೆ ನಾನು ಅವರನ್ನು ಏನೆಂದು ಹೇಳಿದೆ ಎಂಬುದನ್ನು ಹೇಳಲು ಸಂಕೋಚವಾಯಿತು. ಬಸ್ಸಿನಲ್ಲಿ ಇಬ್ಬರೂ ಒಂದು ಪೊಟ್ಟಣ ಬಿಸ್ಕತ್ತು ಮುಗಿಸಿ, ಕಿಟಕಿಯಾಚೆ ನೋಡುತ್ತ ಮನೆಗೆ ಬಂದೆವು.

ಮೊನ್ನೆ ಗುರುವಾರ ಫಲಿತಾಂಶ ಬಂತು ಅಕ್ಕಾ. ನಾನು ಆಯ್ಕೆಯಾಗಿದ್ದೇನೆ. ಅಮ್ಮ ನನ್ನನ್ನು ತಬ್ಬಿಕೊಂಡು ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಅಜ್ಜಿ ಕಾಗದದ ಮೇಲೆ ಟಾರ್ಚ್ ಬಿಟ್ಟು ನನ್ನ ಹೆಸರನ್ನು ತಾನೇ ಓದಿಕೊಂಡಳು. ನಿಮ್ಮಪ್ಪ ಮೆಟ್ಟಿಲಿಳಿದು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನೋಡಿದರೆ ಬೇಕರಿಯವರು, ಬೀಗ ರಿಪೇರಿಯವರು, ಔಷಧಿ ಅಂಗಡಿಯವರು, ಸಿಕ್ಕವರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದಾರೆ: “ನಮ್ಮ ಹುಡುಗಿ ಸರೋವರದ ಡಾಕ್ಟರ್ ಆಗ್ತಾಳೆ.” ಬೀಗದವರು, ಸರೋವರಕ್ಕೆ ಯಾವ ಕಾಯಿಲೆ ಎಂದು ಕೇಳಿದರಂತೆ. ಅದಕ್ಕೂ ಇವರ ಬಳಿ ಉತ್ತರವಿತ್ತು.

ಅವತ್ತು ಸಂಜೆ ಊಟಕ್ಕೆ ಕೂತಾಗ ಅಜ್ಜಿ ಇದ್ದಕ್ಕಿದ್ದ ಹಾಗೆ ಅವರ ಮೇಲೆ ಬಿದ್ದಳು. ಇಷ್ಟು ವರ್ಷದಿಂದ ನಮ್ಮ ಹುಡುಗಿ, ನಮ್ಮ ಹುಡುಗಿ ಅಂತೀಯಲ್ಲ, ನನ್ನ ಮಗಳು ಅನ್ನೋಕೆ ನಿನಗೇನು ಕಷ್ಟ ಎಂದಳು. ಅಮ್ಮ ಸುಮ್ಮನಿರು ಎಂದು ಸನ್ನೆ ಮಾಡಿದಳು. ನಿಮ್ಮಪ್ಪ ತಟ್ಟೆ ನೋಡುತ್ತ ಮೆಲ್ಲಗೆ ಏನೋ ಹೇಳಿದರು. ಅಜ್ಜಿಗೆ ಕೇಳಿಸಲಿಲ್ಲ. ಏನಂದೆ, ಜೋರಾಗಿ ಹೇಳು ಎಂದಳು. ಪಾಪ, ಮನಸ್ಸಿನ ಒಳಗಿನ ಮಾತನ್ನು ಅವರು ಪಕ್ಕದ ಮನೆಯವರಿಗೂ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು. “ಮಗಳು ಅನ್ನೋ ಮಾತನ್ನ ಒಬ್ಬಳಿಗೆ ಕೊಟ್ಟಾಗಿದೆ ಅಮ್ಮಾ. ಅವಳನ್ನ ಕೇಳದೆ ಇನ್ನೊಬ್ಬರಿಗೆ ಹೇಗೆ ಕೊಡಲಿ?”

ಅಜ್ಜಿ ಮೊದಲ ಸಲ ಒಂದು ಮಾತನ್ನು ಕೊನೆಯವರೆಗೆ ಕೂತು ಕೇಳಿದಳು. ಅಮ್ಮ ಒಣಗಿದ ಬಟ್ಟೆಯ ರಾಶಿಯನ್ನು ಎಳೆದುಕೊಂಡು ಮಡಚಲು ಶುರು ಮಾಡಿದಳು. ನನಗೆ ಬೇಜಾರಾಯಿತು ಎಂದುಕೊಳ್ಳಬೇಡಿ. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಯಿತು. ಆಯ್ಕೆಯಾದ ಕಾಗದ ನೋಡಿದಾಗ ಆದದ್ದಕ್ಕಿಂತ ಹೆಚ್ಚು. ಕಣ್ಣೆದುರಿಗೆ ಇಲ್ಲದವರಿಗೆ ಕೊಟ್ಟ ಮಾತನ್ನು ಇಷ್ಟು ವರ್ಷ ಜೋಪಾನ ಮಾಡುವ ಮನುಷ್ಯ ಎದುರಿಗಿರುವವರನ್ನು ಎಂದಿಗೂ ಕೈಬಿಡುವುದಿಲ್ಲ. ಅಂಥವರ ಕೈಯಲ್ಲಿ ಬೆಳೆದೆ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನಾನು ಅವರಂತಲ್ಲ, ನಿಮ್ಮನ್ನು ಕೇಳದೆಯೇ ಆ ಕೋಣೆಯಲ್ಲಿ ಅವರನ್ನು ಅಪ್ಪ ಎಂದೆ. ನೀವು ದೊಡ್ಡವರು, ನಿಮಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಅವರ ಎದುರು ಇನ್ನೂ ಹಾಗೆ ಕರೆದಿಲ್ಲ.

ಇಷ್ಟು ನಮ್ಮ ಮನೆ. ನಾಳೆಯಿಂದ ನಾನೂ ನಿಮ್ಮಪ್ಪನೂ ಈಜು ಕಲಿಯಲು ಹೋಗುತ್ತಿದ್ದೇವೆ. ಅವರಿಗೂ ಬರುವುದಿಲ್ಲ, ನನಗೆ ಜೊತೆಯಿರಲಿ ಎಂದು ಸೇರಿದ್ದಾರೆ. ಚಡ್ಡಿ ಹಾಕಿಕೊಂಡು ಮನೆಯೊಳಗೆ ಒಮ್ಮೆ ಓಡಾಡಿ ತೋರಿಸಿದರು. ಅಜ್ಜಿ ನಕ್ಕು ನಕ್ಕು ಕಟ್ಟುಹಲ್ಲು ಕೈಗೆ ತೆಗೆದುಕೊಳ್ಳಬೇಕಾಯಿತು.

ನಿಮ್ಮ ಹೊಸ ಬದುಕು ತಂಪಾಗಿರಲಿ, ಮನೆ ತುಂಬ ನಗು ಇರಲಿ ಎಂದು ಅಜ್ಜಿ ತಲೆಯ ಮೇಲೆ ಕೈಯಿಟ್ಟು ಹರಸಿದ್ದಾಳೆ, ನೀವು ಇಲ್ಲಿಲ್ಲದ ಕಾರಣ ಕೈ ಇಟ್ಟದ್ದು ನನ್ನ ತಲೆಯ ಮೇಲೆ. ಅಮ್ಮನ ಶುಭಾಶಯಗಳು ನಿಮಗೂ ನಿಮ್ಮ ಅಮ್ಮನಿಗೂ. ಭಾವನವರಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ಪ್ರೀತಿಯ
ತಂಗಿ

ಮರೆತ ಮಾತು: ಅಮ್ಮ ಅಂಚೆಚೀಟಿ ತರಲು ಕೆಳಗೆ ಹೋಗಿದ್ದಾಳೆ, ಬರುವುದರೊಳಗೆ ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡಿ. ನಿನ್ನೆ ಛಾವಣಿಯ ಮೇಲೆ ನಾನೇ ಕೇಳಿದೆ, ಅಕ್ಕನನ್ನು ನೋಡಲು ಯಾಕೆ ಹೋಗುವುದಿಲ್ಲ ಎಂದು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಅವಳಿಗೆ ಆಗ ಹದಿನಾಲ್ಕು. ಇನ್ನು ಬರಬೇಡಿ ಅಂದಳು. ಸರಿ ಅಂದೆ. ಅವಳ ಮಾತಿಗೆ ಬೆಲೆ ಕೊಟ್ಟೆ ಅಂದ್ಕೊಂಡೆ. ಅವಳೇನು ಅಂದ್ಕೊಂಡಳೋ.” ಅಷ್ಟೇ, ಆಮೇಲೆ ಬಗ್ಗಿ ಟ್ಯಾಂಕಿನ ಮುಚ್ಚಳ ತೆಗೆದರು. ಹದಿನಾಲ್ಕರಲ್ಲಿ ನಾನೂ ಅಮ್ಮನಿಗೆ ಏನೇನೋ ಅಂದಿದ್ದೇನೆ ಅಕ್ಕಾ, ಒಂದೂ ಮನಸ್ಸಿನಿಂದ ಬಂದದ್ದಲ್ಲ. ನಿಮ್ಮ ಮದುವೆಗೆ ಬರಬಹುದೇ ಎಂದು ಅವರು ಕೇಳುವುದಿಲ್ಲ, ನಾನು ಕೇಳಿದ್ದೇನೆಂದೂ ಅವರಿಗೆ ಗೊತ್ತಾಗಬಾರದು. ನಮಗೆಲ್ಲ ಜಾಗವಿಲ್ಲದಿದ್ದರೆ ಪರವಾಗಿಲ್ಲ, ಅವರೊಬ್ಬರಿಗೆ ಇದ್ದರೆ ಸಾಕು. ಉತ್ತರವನ್ನು ನನಗೆ ಬರೆಯಬೇಡಿ, ಅವರ ಹೆಸರಿಗೇ ಬರೆಯಿರಿ. ಬನ್ನಿ ಎಂದು ಒಂದು ಪದ ಬರೆದರೆ ಸಾಕು. ಬರುತ್ತಾರೆ. ನಿಮ್ಮ ಮಾತನ್ನು ಅವರು ಮೀರುವವರಲ್ಲ.